ಹುರಳಿಕಟ್ಟು ಹಾಕದ ಶಾವಿಗೆ

ಆಗ ಮಸ್ಕಿಯಲ್ಲಿ ನಿಜಾಮನ ಆಳ್ವಿಕೆ. ನಮಗೆ ಶಾವಿಗೆ ಎಂದರೆ ಹಬ್ಬವೇ. ಬೇಸಿಗೆಯಲ್ಲಿ ಅಂಗಳದ ಹಗ್ಗದ ಹೊರಸಿನ ಮೇಲೆ ಶಾವಿಗೆ ಒಣಹಾಕಿದರೆ ಓಣಿಯ ಹುಡುಗಿಯರೆಲ್ಲ ಹಸಿ ಎಳೆ ಕದ್ದು ತಿನ್ನುತ್ತಿದ್ದೆವು. ಅದಕ್ಕೆ ಬೆಲ್ಲ, ಹಾಲು, ತುಪ್ಪ ಬಿಟ್ಟು ಬೇರೆ ರುಚಿ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ನಮ್ಮ ಕಾಕಾ ಫೌಜಿನಿಂದ ಬರುವ ತನಕ.

ಕಾಕಾ ಅಪ್ಪನ ತಮ್ಮ. ಸಿಪಾಯಿಯಾಗಿ ಫೌಜು ಸೇರಿ ಮಲಯಾ ದೇಶಕ್ಕೆ ಹೋದವನು ಜಪಾನಿನವರ ಕೈಗೆ ಸಿಕ್ಕು ವರ್ಷಗಟ್ಟಲೆ ಸೆರೆಯಲ್ಲಿದ್ದ. ಲಡಾಯಿ ಮುಗಿದು ಮನೆಗೆ ಬಂದಾಗ ಅವನಲ್ಲಿ ಎಲುಬು ಮತ್ತು ಕೆಮ್ಮು ಮಾತ್ರ ಉಳಿದಿದ್ದವು. ಅಪ್ಪ ಅವನನ್ನು ಚಕ್ಕಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದು, ಔಷಧವಿಲ್ಲವೆನಿಸಿಕೊಂಡು ತಿರುಗಿ ಕರೆತಂದ. ಕಾಕಾ ರೊಟ್ಟಿ ಮುಟ್ಟುವುದನ್ನೂ ಬಿಟ್ಟ.

"ಏನ್ ತಿಂತಿ ಮಗನ? ಬಾಯಿ ಬಿಟ್ಟು ಹೇಳು," ಎಂದಳು ಆಯಿ. ಆಯಿ ಎಂದರೆ ಅವನ ತಾಯಿ, ನನ್ನ ಅಜ್ಜಿ.

"ಸೆರಿಮನ್ಯಾಗ ಒಬ್ಬಾಕಿ ಚೀನಿ ಮುದುಕಿ ಬೇಲಿ ಸಂದ್ಯಾಗಿಂದ ಶಾವಿಗಿ ಕೊಡತಿದ್ದಳು, ಯವ್ವಾ. ಅದರ ಮ್ಯಾಲೆ ಮನಸಾಗೇತಿ."

ಆಯಿ ಬೆಲ್ಲ, ಹಾಲು ಹಾಕಿ ಬಟ್ಟಲು ತುಂಬಿಕೊಟ್ಟಳು. ಕಾಕಾ ಅದನ್ನು ಸರಿಸಿದ.

"ಸಿಹಿ ಅಲ್ಲ ಬೇ. ಅವರು ಎಣ್ಯಾಗ ಹುರಿತಾರ. ಕಾಳು ಹುಳಿ ಬರಿಸಿ ಮಾಡಿದ ಕರ್ರನ ಉಪ್ಪುನೀರು ಸುರಿತಾರ."

ಮರುದಿನ ಬಾಣಲೆಗೆ ಕುಸುಬಿ ಎಣ್ಣೆ ಬಿತ್ತು. ಬೆಳ್ಳುಳ್ಳಿ ಜಜ್ಜಿ ಹಾಕಿ, ಉಳ್ಳಾಗಡ್ಡಿಯ ಹಸಿರು ತಪ್ಪಲು ಹೆಚ್ಚಿ, ಮೆಣಸು ಕುಟ್ಟಿ, ಬೇಯಿಸಿ ಬಸಿದ ಶಾವಿಗೆಯನ್ನು ಆಯಿ ಅದರಲ್ಲಿ ಹೊರಳಾಡಿಸಿದಳು. ಘಮ ಓಣಿಗೆಲ್ಲ ಹರಡಿ, ಮುದುಕಿ ಶಾವಿಗೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿದ್ದಾಳೆಂದು ನೆರೆಯವರು ನಕ್ಕರು. ಕಾಕಾ ನಾಲ್ಕು ತುತ್ತು ತಿಂದ.

"ಛಲೋ ಆಗೇತಿ, ಯವ್ವಾ. ಆದ್ರ ಅದಲ್ಲ. ಏನೋ ಕಮ್ಮಿ ಆಗೇತಿ."

"ನಾಳಿಗೆ ಮತ್ತ ಮಾಡತೀನಿ ತಗೋ," ಎಂದಳು ಆಯಿ.

ಹೀಗೇ ನಡೆಯಿತು. ಒಂದು ದಿನ ಹುಣಸೆ ರಸ, ಇನ್ನೊಂದು ದಿನ ಎಳ್ಳು. ದಿನವೂ ನಾಲ್ಕು ತುತ್ತು, ದಿನವೂ ಅದೇ ಮಾತು. ಆ ನಾಲ್ಕು ತುತ್ತಿನ ಮೇಲೆಯೇ ಕಾಕಾ ಬೇಸಿಗೆ ದಾಟಿದ.

ಆದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಗಡಿಗೆ ಇತ್ತು. ಹುರಳಿಯ ಕಟ್ಟನ್ನು ಹುಳಿ ಬರಿಸಿ, ಉಪ್ಪು ಹಾಕಿ, ಕಪ್ಪಾಗುವ ತನಕ ಕುದಿಸಿ ಆಯಿ ಅದರಲ್ಲಿ ತುಂಬಿಟ್ಟಿದ್ದಳು. ಒಮ್ಮೆ ಒಂದೆಳೆ ಶಾವಿಗೆಯನ್ನು ಅದರಲ್ಲಿ ಅದ್ದಿ ತಿಂದೆ. ರುಚಿ ನಾಲಿಗೆ ಬಿಟ್ಟು ಹೋಗಲಿಲ್ಲ.

"ಆಯಿ, ಇದನ್ನ ಯಾಕ ಹಾಕವಲ್ಲಿ? ಕಾಕಾ ಹೇಳಿದ ಕರ್ರನ ನೀರು ಇದ ಅಲ್ಲೇನು?"

ಆಯಿ ನನ್ನ ಬಾಯಿ ಮುಚ್ಚಿದಳು. "ಸುಮ್ನಿರು. ಬಯಕಿ ತೀರಿತಂದ್ರ ಹೋಗಿಬಿಡತಾನ. ನಿಮ್ಮ ಅಜ್ಜ ಹಂಗ ಹಾಲುಗ್ಗಿ ಬೇಡಿದ, ಮಾಡಿಕೊಟ್ಟೆ. ಉಂಡು ಮಲಗಿದಾಂವ ಏಳಲಿಲ್ಲ."

ಮಳೆಗಾಲ ಹಿಡಿಯಿತು. ಕಾಕಾನ ಕೆಮ್ಮಿನಲ್ಲಿ ರಕ್ತ ಬರತೊಡಗಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನರಳುತ್ತಿದ್ದ. ಆ ನರಳಿಕೆ ಕೇಳಲಾಗದೆ ನಾನು ಕಿವಿಗೆ ಬೆರಳಿಟ್ಟುಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಆಯಿ ಎಲ್ಲಿಗೆ ಓಡಬೇಕು?

"ಯವ್ವಾ, ಸಾಕಾಗೇತಿ ನನಗ," ಎಂದ ಒಂದು ಮುಂಜಾನೆ.

ಆಯಿ ಎದ್ದು ಒಲೆ ಹಚ್ಚಿದಳು. ಎಂದಿನಂತೆ ಶಾವಿಗೆ ಹುರಿದಳು. ಆಮೇಲೆ ಮೂಲೆಯ ಗಡಿಗೆ ತಂದು ಬಗ್ಗಿಸಿದಳು. ಬಾಣಲೆ ಚುರ್ ಎಂದಿತು. ನಾನು ಅವಳ ಸೆರಗು ಜಗ್ಗಿದೆ, ಅವಳು ತಿರುಗಿ ನೋಡಲಿಲ್ಲ.

ಕಾಕಾ ಒಂದು ತುತ್ತು ತಿಂದು ಅವಳ ಮುಖ ನೋಡಿದ.

"ಇದ ನೋಡು, ಯವ್ವಾ. ನಿನಗ ಮೊದಲ ಗೊತ್ತಿತ್ತೇನು?"

"ಹ್ಞೂಂ."

"ಮತ್ತ ಇಷ್ಟು ದಿನ?"

ಆಯಿ ಸೆರಗಿನಿಂದ ಅವನ ಬಾಯಿ ಒರೆಸಿದಳು. "ತಿನ್ನು, ಮಗನ."

ಕಾಕಾ ಬಟ್ಟಲು ಬರಿದು ಮಾಡಿದ. ಸಂಜೆ ದೀಪ ಹಚ್ಚುವ ಮೊದಲೇ ತೀರಿಕೊಂಡ. ಆಯಿ ಆ ಗಡಿಗೆಯನ್ನು ತಿಪ್ಪೆಗೆ ಒಯ್ದು ಒಡೆದಳು. ಮತ್ತೆಂದೂ ಅವಳು ಶಾವಿಗೆ ಮಣೆಯ ಮುಂದೆ ಕೂರಲಿಲ್ಲ.

ಈಗ ಆ ಅಂಗಳವಿಲ್ಲ, ಹೊರಸಿಲ್ಲ, ಕೈಯಲ್ಲಿ ಶಾವಿಗೆ ಹೊಸೆಯುವವರಿಲ್ಲ. ಸಿಂಧನೂರಿನ ಮನೆಯಲ್ಲಿ ಮೊಮ್ಮಗಳು ಪೊಟ್ಟಣ ಹರಿದು ನೂಡಲ್ಸ್ ಹುರಿಯುತ್ತಾಳೆ, ಬಾಟಲಿಯಿಂದ ಕಪ್ಪು ಸಾಸು ಸುರಿಯುತ್ತಾಳೆ. ಅದೇ ರುಚಿ. ನಾಲ್ಕು ತುತ್ತು ತಿಂದು ಬಟ್ಟಲು ಕೆಳಗಿಡುತ್ತೇನೆ.

"ಹೆಂಗಾಗೇತಿ ಆಯಿ?" ಎನ್ನುತ್ತಾಳೆ.

"ಏನೋ ಕಮ್ಮಿ ಆಗೇತಿ," ಎಂದು ಸುಳ್ಳು ಹೇಳುತ್ತೇನೆ.

"ತಗೋ, ನಾಳಿಗೆ ಮತ್ತ ಮಾಡತೀನಿ."