ಕಾಳಿ ಹೊಳೆಗೆ ಒಯ್ದ ದೇವರ ಫೋಟೋಗಳು

ಮೇ ತಿಂಗಳ ಕೊನೆಯ ಬುಧವಾರ, ಬೆಳಗಿನ ಬಸ್ಸಿಗೆ ಮುಂಡಗೋಡದಿಂದ ಹೊರಟೆ. ದಾಂಡೇಲಿಯಲ್ಲಿ ತಂಗಿ ಶಾಂತಾ ಇದ್ದಾಳೆ, ಅವಳ ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ ನಮ್ಮ ಓಣಿಯ ಐದು ಮನೆಗಳ ಹಳೆಯ ದೇವರ ಫೋಟೋಗಳು. ಕೆಲವಕ್ಕೆ ಗಾಜು ಬಿರಿದಿತ್ತು, ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಭಿನ್ನವಾದ ಫೋಟೋವನ್ನು ಜಗುಲಿಯ ಮೇಲೆ ಇಡುವುದಿಲ್ಲ, ಕಸಕ್ಕೂ ಹಾಕುವುದಿಲ್ಲ, ನೀರಿಗೆ ಬಿಡುತ್ತೇವೆ.

ಮೊದಲು ಅತ್ತಿವೇರಿಯ ಜಲಾಶಯಕ್ಕೆ ಬಿಡುತ್ತಿದ್ದೆವು. ಈ ಸಲ ಮಳೆ ಕೈಕೊಟ್ಟು ನೀರು ಹಿಂದೆ ಸರಿದಾಗ ಹಳೆಯ ಫ್ರೇಮುಗಳೆಲ್ಲ ಕೆಸರಿನಲ್ಲಿ ಎದ್ದು ಕಂಡವು. ಕೊಕ್ಕರೆಗಳು ಅವುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಿದ್ದವು.

“ಯವ್ವಾ, ಹೆಂಗೂ ದಾಂಡೇಲಿಗೆ ಹೊಂಟೀದಿ. ಕಾಳಿ ಹೊಳಿಗೆ ನಿನ್ನ ಕೈಯಾರೆ ಬಿಟ್ಟು ಬಾ,” ಎಂದು ಪಕ್ಕದ ಮನೆಯ ಗಂಗವ್ವಜ್ಜಿ ತನ್ನ ಎಲ್ಲಮ್ಮನ ಫೋಟೋವನ್ನು ಸೆರಗಿನಿಂದ ಒರೆಸಿ ಕೊಟ್ಟಿದ್ದಳು. ತೀರಿಹೋದ ಗಂಡ ಸವದತ್ತಿಯಿಂದ ತಂದದ್ದು. ಆಗಲಿ ಅಜ್ಜಿ ಎಂದು ಮಾತು ಕೊಟ್ಟಿದ್ದೆ.

ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರಾಯಿತು. ಕಿಟಕಿಯ ಸೀಟೂ ಸಿಕ್ಕಿತು, ದೇವರು ದೊಡ್ಡವನು. ಕಲಘಟಗಿಯಲ್ಲಿ ಬಸ್ಸು ಬದಲಿಸಿದೆ.

“ಅಕ್ಕಾರ, ಚೀಲದಾಗ ಏನೈತ್ರಿ, ಖಣಖಣ ಅಂತೈತಿ?” ಎಂದ ಕಂಡಕ್ಟರ್.

“ದೇವ್ರದಾವ್ರಿ.”

“ಮತ್ತ ಕಾಲಾಗ ಇಟ್ಟೀರಲ್ಲ! ತೊಡಿ ಮ್ಯಾಲ ಇಟ್ಕೋರಿ.”

ಹಳಿಯಾಳದಲ್ಲಿ ಇಳಿದು ಗಿರ್ಮಿಟ್ ತಿಂದದ್ದು ಬಿಟ್ಟರೆ ದಾಂಡೇಲಿಯತನಕ ಚೀಲ ತೊಡೆಯ ಮೇಲೇ ಇತ್ತು. ಸೆಕೆಗೆ ಸೀರೆ ಒದ್ದೆಯಾಯಿತು. ಮಳೆಯ ಸುಳಿವೇ ಇರಲಿಲ್ಲ.

ಮರುದಿನ ನಸುಕಿನಲ್ಲಿ ಶಾಂತಾಳೊಂದಿಗೆ ಹೊಳೆಗೆ ಹೋದೆ. ಮೇಲೆ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಆ ಹೊತ್ತಿಗೆ ಇಳಿದಿತ್ತು, ಬಂಡೆಗಳು ಒಣಗಿದ್ದವು. ಮೆಟ್ಟಿಲ ಹತ್ತಿರ ಮೀನು ಹಿಡಿಯುವ ಹೆಂಗಸೊಬ್ಬಳು ಬಲೆ ಬಿಡಿಸುತ್ತಿದ್ದಳು. ಹೆಸರು ಸಾವಿತ್ರಿ ಎಂದು ಆಮೇಲೆ ತಿಳಿಯಿತು. ನನ್ನ ಚೀಲ ನೋಡಿದವಳೇ ಕೇಳಿದಳು:

“ಎಷ್ಟು ತಂದೀರಿ?”

“ಹನ್ನೊಂದದಾವು.”

“ಗಾಜು ತಗದೀರೇನು?”

ಇಲ್ಲವೆಂದು ತಲೆಯಾಡಿಸಿದೆ. ಅವಳು ಎಡಗಾಲು ಎತ್ತಿ ತೋರಿಸಿದಳು. ಅಂಗಾಲಿನ ಉದ್ದಕ್ಕೂ ಹೊಲಿಗೆಯ ಗುರುತು.

“ಹ್ವಾದ ವರ್ಷ ಚುಚ್ಚಿತ್ರಿ. ಯಾವ ದೇವ್ರಂತ ಎತ್ತಿ ನೋಡಿದ್ರ ನಮ್ಮ ಮನಿ ದೇವ್ರ! ಕೈಮುಗದು ದವಾಖಾನಿಗೆ ಹ್ವಾದೆ. ಮೊಸಳಿ ಎಲ್ಲಿ ಮಲಗತಾವು ನನಗ ಗೊತ್ತೈತಿ, ನಿಮ್ಮ ಗಾಜು ಎಲ್ಲಿ ಮಲಗತೈತಿ ಗೊತ್ತಾಗಂಗಿಲ್ಲ.”

ಕಲ್ಲಿನ ಸಂದಿಗಳಲ್ಲಿ ಮೀನುಗಳು ತತ್ತಿ ಇಡುತ್ತವೆ, ಪ್ಲಾಸ್ಟಿಕ್ ಹಾರಗಳು ಬಂದು ಅಲ್ಲೇ ಸಿಕ್ಕಿಕೊಳ್ಳುತ್ತವೆ ಎಂದಳು. ಮೊದಲಿನ ಹಾಗೆ ಹದವಾಗಿ ಮಳೆ ಬಂದು ತೊಳೆಯುವುದಿಲ್ಲ; ಬಂದರೆ ಒಮ್ಮೆಲೇ ಬರುತ್ತದೆ, ಇಲ್ಲವಾದರೆ ಇಲ್ಲ.

ಅವಳು ನೀರಿನಿಂದ ಆರಿಸಿದ ಫ್ರೇಮುಗಳು ದಂಡೆಯ ಮರದ ಬುಡದಲ್ಲಿ ನನ್ನ ಸೊಂಟದ ಎತ್ತರಕ್ಕೆ ಇದ್ದವು. ದೇವರಲ್ಲವೇ, ಎಸೆಯಲು ಅವಳಿಗೂ ಮನಸ್ಸು ಬಂದಿರಲಿಲ್ಲ. ಕೈಮುಗಿಯಲು ಬಗ್ಗಿದೆ. ಮೇಲಿನಿಂದ ಮೂರನೆಯದರ ಕೆಳಪಟ್ಟಿಯಲ್ಲಿ ಬಿಳಿ ಬಣ್ಣದ ಅಕ್ಷರ: ನನ್ನ ಹೆಸರು, ನಮ್ಮ ಮನೆಯವರ ಹೆಸರು. ನಮ್ಮ ಮದುವೆಗೆ ಸೋದರಮಾವ ಕೊಟ್ಟ ವೆಂಕಟರಮಣನ ಫೋಟೋ. ಮೂರು ವರ್ಷದ ಹಿಂದೆ ಶಾಂತಾಳ ಮನೆಗೆ ಬಂದಾಗ ಇದೇ ಮೆಟ್ಟಿಲಿನಿಂದ ನಾನೇ ಬಿಟ್ಟಿದ್ದೆ. ಈಗ ಬರೀ ಚೌಕಟ್ಟು, ಗಾಜಿಲ್ಲ.

“ಇದು ನಮ್ಮ ವೆಂಕಟರಮಣಂದು. ನಿಮಗ ಚುಚ್ಚಿದ್ದು ಇದರ ಗಾಜೇನು?” ಎಂದೆ.

“ಯಾರಿಗೆ ಗೊತ್ರಿ? ನಮ್ಮ ಮನಿ ದೇವ್ರೂ ಅವನ, ಅವನ ಫೋಟೋ ಹೊಳ್ಯಾಗ ಎಷ್ಟೋ ಅದಾವು. ಗಾಜಿನ ಮ್ಯಾಲ ಹೆಸರು ಬರದಿರಂಗಿಲ್ಲ,” ಎಂದಳು. “ಬಿಡೂದಿದ್ರ ಬಿಡ್ರಿ. ನಾ ಏನು ಕಾವಲುಗಾರ್ತಿ ಅಲ್ಲ. ನಾಳೆ ಮತ್ತ ಆರಸ್ತೇನಿ.”

ಎಲ್ಲಮ್ಮನನ್ನು ಹಿಡಿದು ಮೊಣಕಾಲು ನೀರಿನಲ್ಲಿ ನಿಂತೆ. ಅಜ್ಜಿಗೆ ಕೊಟ್ಟ ಮಾತು ಒಂದು ಕಡೆ, ಆ ಕಾಲು ಒಂದು ಕಡೆ. ಹೊಳೆಗೆ ಚಿಟಿಕೆ ಅರಿಸಿನ ಕುಂಕುಮ, ಒಂದು ದಾಸವಾಳ ಹಾಕಿ ಎಲ್ಲಮ್ಮನ ಜೊತೆಗೇ ಮೇಲೆ ಬಂದೆ.

“ಬಿಟ್ಟೆ ಅಂತ ಅಜ್ಜಿಗೆ ಹೇಳಿಬಿಡಕ್ಕ. ಯಾರು ನೋಡ್ತಾರ?” ಎಂದಳು ಶಾಂತಾ.

“ನಾ ನೋಡೇನಲ್ಲ,” ಎಂದೆ.

ಹನ್ನೊಂದು ಒಯ್ದವಳು ಶುಕ್ರವಾರ ನಮ್ಮ ಮದುವೆಯ ಚೌಕಟ್ಟೂ ಸೇರಿ ಹನ್ನೆರಡು ಹೊತ್ತು ತಿರುಗಿ ಬಂದೆ. ಒಂದು ಗಾಜೂ ದಾರಿಯಲ್ಲಿ ಒಡೆಯಲಿಲ್ಲ, ಅವನ ದಯೆ. ಗಂಗವ್ವಜ್ಜಿ ಬಾಗಿಲಲ್ಲೇ ಕುಳಿತಿದ್ದಳು.

“ಹೊಳ್ಯಾಗ ನೀರಿರಲಿಲ್ಲೇನು?”

“ನೀರಿತ್ತು ಅಜ್ಜಿ. ಅದರಾಗ ಮಂದಿ ಕಾಲೂ ಇದ್ವು,” ಎಂದು ನಡೆದದ್ದೆಲ್ಲ ಹೇಳಿದೆ. ಅಜ್ಜಿ ಎದ್ದು ಒಳಗೆ ಹೋದಳು. ಎರಡು ದಿನ ನನ್ನ ಮುಖ ನೋಡಲಿಲ್ಲ. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು.

ಮೂರನೆಯ ದಿನ ನಾನು ಕಟ್ಟೆಯ ಮೇಲೆ ಕುಳಿತು ಫ್ರೇಮುಗಳ ಮೊಳೆ ಕೀಳುತ್ತಿದ್ದೆ. ಕಾಗದವನ್ನು ಬಕೆಟಿನಲ್ಲಿ ನೆನೆಸಿ ಬನ್ನಿಗಿಡದ ಬುಡಕ್ಕೆ ಹಾಕುವುದು, ಗಾಜನ್ನು ಗುಜರಿಗೆ ಕೊಡುವುದು ಎಂದು ನಿಶ್ಚಯಿಸಿದ್ದೆ. ಅಜ್ಜಿ ಬಂದು ಇಕ್ಕಳ ಕಸಿದುಕೊಂಡಳು. ತನ್ನ ಎಲ್ಲಮ್ಮನನ್ನು ತಾನೇ ಬಿಚ್ಚಿದಳು. ಗಾಜನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತ ಕೇಳಿದಳು:

“ಆ ಹೆಣ್ಮಗಳ ಕಾಲು ಈಗ ಹೆಂಗೈತಿ?”

“ಇನ್ನೂ ಒಂಚೂರು ಕುಂಟತಾಳ, ಅಜ್ಜಿ.”

ಅಜ್ಜಿ ಗಾಜಿನ ಮೇಲೆ ಇನ್ನೊಂದು ಸುತ್ತು ಅರಿವೆ ಸುತ್ತಿದಳು.