ಮೂವತ್ತೇ ಮೀಟರ್, ಮೇಡಂ

ಪಕ್ಕದ ಬೀದಿಯಲ್ಲಿ ಒಬ್ಬರಿದ್ದಾರೆ, ಎಲ್ಲರ ಬಾಯಲ್ಲೂ ಅನುಮತಿ ಅಣ್ಣ. ಡ್ರೋನ್ ಹಾರಿಸಿ ಚಾವಣಿಗಳ ಬಿರುಕು, ಸೋರಿಕೆಯ ಫೋಟೋ ತೆಗೆಯುವುದು ಅವರ ಕಸುಬು. ಊರಿಗೂ ವಿಮಾನ ನಿಲ್ದಾಣಕ್ಕೂ ನಡುವೆ ಒಂದು ಬೇಲಿಯಷ್ಟೇ ಅಂತರ. ಹಾಗಾಗಿ ಪ್ರತಿ ಸಲವೂ ಅರ್ಜಿ: ಯಾವ ಜಾಗ, ಯಾವ ಹೊತ್ತು, ಎಷ್ಟು ಎತ್ತರ. ಹಾರಿಸುವ ಮುಂಚೆ ಕಂಟ್ರೋಲ್ ರೂಮಿಗೆ ಒಂದು ಫೋನು, ಇಳಿಸಿದ ಮೇಲೆ ಇನ್ನೊಂದು. ಬೇರೆಯವರು ಕದ್ದುಮುಚ್ಚಿ ಹಾರಿಸಿದರೂ ಇವರು ಹಾರಿಸಿದವರಲ್ಲ. "ನಮ್ಮೋರು ಸೀನೋಕೂ ಅರ್ಜಿ ಹಾಕ್ತಾರೆ" ಎಂದು ಹೆಂಡತಿಯೇ ನಗುತ್ತಿದ್ದರು. ಫೋನೆತ್ತುವ ಮೇಡಂ ನಾಲ್ಕು ವರ್ಷದ ಪರಿಚಯ. ಮುಖ ಮಾತ್ರ ನೋಡಿರಲಿಲ್ಲ.

ಅಣ್ಣನ ತಂಗಿಯ ಗಂಡ ಮೂರಂತಸ್ತಿನ ಮನೆ ಕಟ್ಟಿಸಿದ. ಇಡೀ ಬಡಾವಣೆಯಲ್ಲಿ ತನ್ನದೇ ದೊಡ್ಡದೆಂದು ಕಾಣುವಂಥ ಫೋಟೋ ಬೇಕೆಂದ. ಅನುಮತಿ ಸಿಕ್ಕಿದ್ದು ಮೂವತ್ತು ಮೀಟರಿಗೆ. ಬೆಳಿಗ್ಗೆ ನೆಂಟರೆಲ್ಲ ಅಂಗಳದಲ್ಲಿ ರಿಮೋಟಿನ ಪರದೆಯನ್ನು ಮುತ್ತಿಕೊಂಡರು. ಅದರಲ್ಲಿ ಕಂಡದ್ದು ಒಂದೇ ಚಾವಣಿ.

"ಏನ್ ಭಾವ, ನಮ್ಮನೆ ಕೋಳಿನೂ ಇದಕ್ಕಿಂತ ಮೇಲೆ ಹಾರುತ್ತೆ" ಎಂದ. ಎಲ್ಲರೂ ನಕ್ಕರು. ಅಣ್ಣನ ಹೆಬ್ಬೆರಳು ಮೇಲಕ್ಕೆ ಒತ್ತಿತು. ಪರದೆಯ ಮೂಲೆಯಲ್ಲಿ ಎತ್ತರದ ಅಂಕಿ ಏರಿತು: ನಲವತ್ತು, ಐವತ್ತು, ಅರವತ್ತು.

ಇಳಿಯಲು ಬರುತ್ತಿದ್ದ ವಿಮಾನವೊಂದು ಮೂತಿಯೆತ್ತಿ ಮತ್ತೆ ಮೇಲೇರಿತು. ಅವರು ಡ್ರೋನನ್ನು ಇಳಿಸುವಷ್ಟರಲ್ಲಿ ಫೋನು ಬಂತು.

"ಪೈಲಟ್ ಏನೋ ಕಂಡೆ ಅಂತಿದಾರೆ. ನೀವು ಮೂವತ್ತರಲ್ಲೇ ಇದ್ರಿ ತಾನೆ?"

ಸುತ್ತ ನೆಂಟರ ಕಿವಿಗಳು.

"ಮೂವತ್ತೇ ಮೀಟರ್, ಮೇಡಂ."

"ನಿಮ್ದಲ್ಲ ಅಂತ ನಂಗೊತ್ತು. ಕೇಳೋದು ಕೇಳ್ಬೇಕಲ್ಲ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಹಿಂದಿನ ಬೀದಿಯ ಫೋಟೋಗ್ರಾಫರನದೇ ಇರಬೇಕೆಂದು ಅವನ ಡ್ರೋನ್ ಕಿತ್ತುಕೊಂಡು, ಅವನನ್ನು ನಿಲ್ದಾಣದ ಕಚೇರಿಯಲ್ಲಿ ಕೂರಿಸಿದ್ದಾರಂತೆ. ಅಣ್ಣ ಊಟದ ತಟ್ಟೆ ಬಿಟ್ಟು ಎದ್ದರು. ನಡೆದದ್ದನ್ನು ಹೆಂಡತಿಗೆ ಹೇಳಿದರು. ಆಕೆ ಆ ದಿನ ನಗಲಿಲ್ಲ. "ಚಪ್ಪಲಿ ಹಾಕ್ಕೊಳ್ಳಿ" ಎಂದರು, ಅಷ್ಟೇ.

ಕಚೇರಿಯ ಬೆಂಚಿನ ಮೇಲೆ ಫೋಟೋಗ್ರಾಫರ್ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅಣ್ಣ ಬಾಯಿ ಬಿಟ್ಟದ್ದೇ ತಡ, ಮೇಡಂ ಧ್ವನಿಯಲ್ಲೇ ಗುರುತು ಹಿಡಿದು ಎದ್ದು ನಿಂತರು. "ನಾನ್ ಹೇಳ್ತಿದ್ನಲ್ಲ, ಇವ್ರೇ ಅವ್ರು" ಎಂದು ಪಕ್ಕದವರಿಗೆ ತೋರಿಸಿ ಕುರ್ಚಿ ಎಳೆದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಣ್ಣನಿಗೆ. ಕೂರಲಿಲ್ಲ. ಡ್ರೋನಿನ ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಅರವತ್ತಕ್ಕೆ ಹೋಗಿತ್ತು ಮೇಡಂ. ನೀವು ಕೇಳ್ದಾಗ ಸುಳ್ಳು ಹೇಳ್ದೆ."

ಮೇಡಂ ಎಳೆದಿದ್ದ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಇವ್ರದಲ್ಲ ಅಂತ ಬರ್ದು ಸೈನ್ ಹಾಕಿದೀನಿ ನಾನು."

ಫೋಟೋಗ್ರಾಫರನಿಗೆ ಡ್ರೋನ್ ಮರಳಿ ಸಿಕ್ಕಿತು. ಅವನು ಬೈದಿದ್ದರೆ ಅಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಚೀಲದ ಜಿಪ್ ಎಳೆದುಕೊಂಡು ಹೊರಟ.

ಒಂದು ವರ್ಷ ಅಣ್ಣನ ಅನುಮತಿ ನಿಂತಿತು. ಏಣಿ ಹೊತ್ತು ಚಾವಣಿ ಹತ್ತಿದರು. ಈಗ ಮತ್ತೆ ಹಾರಿಸುತ್ತಾರೆ. ಫೋನೆತ್ತುವುದು ಅದೇ ಮೇಡಂ. ಎತ್ತರ ಎಷ್ಟೆಂದು ಕೇಳುತ್ತಾರೆ, ಇವರು ಹೇಳುತ್ತಾರೆ. ಆಮೇಲೆ ಮೇಡಂ, "ಪರದೆ ಫೋಟೋ ಕಳ್ಸಿ" ಎನ್ನುತ್ತಾರೆ. ಬೇರೆ ಯಾರನ್ನೂ ಅದನ್ನು ಕೇಳುವುದಿಲ್ಲ ಎಂದು ಅಣ್ಣನಿಗೆ ಗೊತ್ತು. ಕಳಿಸುತ್ತಾರೆ.