ಆಕಿ ನನಗ ‘ರಿ’ ಹಚ್ಚಿದ ವರ್ಷ

ನಮ್ಮ ಬೀದರ ಕಡಿ ‘ರಿ’ ಅಂದ್ರ ಉಪ್ಪಿದ್ದಂಗ, ಎಲ್ಲಾದಕ್ಕೂ ಬೀಳ್ತದ. ಕಂಡಕ್ಟರಗ ರಿ, ಬಾಳೆಹಣ್ಣು ಮಾರೋ ಮುದುಕಿಗಿ ರಿ, ಜಗಳಕ್ಕ ನಿಂತ್ರೂ ‘ನಿಮಗ ಬುದ್ಧಿ ಅದ ಏನ್ರಿ’ ಅಂತ ರಿ ಹಚ್ಚೇ ಬೈತೀವಿ. ಹೊರಗಿನವರು ಬಂದು, ಅಯ್ಯೋ ಎಷ್ಟು ಮರ್ಯಾದಸ್ಥ ಮಂದಿ ಅಂತ ಖುಷಿ ಪಡ್ತಾರ. ಪಡ್ಲಿ, ನಮಗೇನು ಖರ್ಚು. ಆದ್ರ ಖರೇ ಮಾತು ಹೇಳ್ಬೇಕಂದ್ರ, ರಿ ಹಚ್ಚದೆ ಮಾತಾಡಿಸೋರು ಒಬ್ಬ ಮನಷಾಗ ಭಾಳ ಕಮ್ಮಿ ಇರ್ತಾರ. ಅವ್ವ, ಅಪ್ಪ, ಒಂದೇ ತಾಟಿನಾಗ ಉಂಡ ಗೆಳತಿ, ಇಷ್ಟೇ. ಅವರ ಬಾಯಾಗ ನಾವು ‘ನೀ’. ಆ ನೀ ಹೋಗಿ ರಿ ಬಂತಂದ್ರ ಏನಾಗ್ತದಂತ ನನಗ ಡಿಗ್ರಿ ಕಡೀ ವರ್ಷ ಗೊತ್ತಾತು. ಕಲಿಸಿದಾಕಿ ನನ್ನ ಖೋಲಿ ಗೆಳತಿ.

ನಾ ಔರಾದ ತಾಲೂಕಿನ ಸಂತಪುರದಾಕಿ, ಆಕಿ ಭಾಲ್ಕಿಯಾಕಿ. ಬೀದರಿನ ಲೇಡೀಸ್ ಹಾಸ್ಟೆಲಿನಾಗ ಮೊದಲನೇ ವರ್ಷದಿಂದ ಇಬ್ಬರದೂ ಒಂದೇ ಖೋಲಿ. ಆಕಿ ಚಪ್ಪಲ್ ನನ್ನ ಕಾಲಾಗ, ನನ್ನ ಸ್ವೆಟರ್ ಆಕಿ ಮೈಮ್ಯಾಲ. ಶನಿವಾರ ಆಯ್ತಂದ್ರ ಆಕಿ ಕ್ಲಾಸ್ ಬಿಟ್ಟು ಭಾಲ್ಕಿ ಬಸ್ ಹತ್ತತಿದ್ಳು. ನಾ ಹಿಂದಿನ ಬೆಂಚಿನಾಗ ತಲಿ ತಗ್ಗಿಸಿ, ಆಕಿ ಹಂಗೇ ಮೂಗಿನಾಗ ‘ಎಸ್ ಸರ್’ ಅಂತಿದ್ದೆ. ಸೋಮವಾರ ಆಕಿ ಮನಿಯಿಂದ ಶೇಂಗಾ ಹೋಳಗಿ ತರ್ತಿದ್ಳು. ‘ತಿನ್ನು ಹುಚ್ಚಿ, ನನ್ನ ದನಿ ಕದ್ದಾಕಿ’ ಅಂತಿದ್ಳು. ಆ ಹೋಳಗಿ ರುಚಿ ನನಗ ಇನ್ನೂ ನೆನಪದ, ಹಾಳಾಗ್ಲಿ.

ಕಡೀ ವರ್ಷ ನನ್ನ ತಲಿಮ್ಯಾಲ ಎರಡು ಟೋಪಿ ಬಿದ್ದವು. ಕ್ಲಾಸಿಗಿ ಸಿ.ಆರ್., ಹಾಸ್ಟೆಲಿಗಿ ಲೀಡರ್. ನಾ ದನಿ ದೊಡ್ಡದಿದ್ದಾಕಿ, ಯಾರಿಗೂ ಅಂಜತಿದ್ದಿಲ್ಲ, ಅದಕ್ಕ ಹುಡುಗ್ಯಾರು ಕೈ ಎತ್ತಿದ್ರು. ಆದ್ರ ಅದು ಬರದ ವರ್ಷ. ಹಾಸ್ಟೆಲಿನ ಬೋರ್ ದೀಪಾವಳಿ ಮುಂಚೇನೇ ಗಾಳಿ ಕಾರತಿತ್ತು. ಟ್ಯಾಂಕರ್ ಬಂದ್ರ ಪೈಪ್ ನಾ ಹಿಡೀಬೇಕು, ಯಾರು ಎರಡು ಕೊಡ ಒಯ್ದ್ರು, ಯಾರು ತಲಿ ತೊಳಕೊಂಡ್ರು ಅನ್ನೋ ಪಂಚಾಯ್ತಿ ನಾ ಮಾಡ್ಬೇಕು. ಆಮ್ಯಾಲ ಹಸಿ ಸೆರಗು ಹಿಂಡಕೋತ ಕಾಲೇಜಿಗಿ ಓಡಬೇಕು. ಎಕನಾಮಿಕ್ಸ್ ಸರ್ ಬಾಗಿಲದಾಗೇ ‘ಬರ್ರಿ ಲೀಡರ್ ಸಾಹೇಬ್ರ, ನೀರು ಹಂಚಿ ಆತಾ?’ ಅಂತ ನಗ್ತಿದ್ರು. ನಾನೂ ನಗ್ತಿದ್ದೆ. ಪಾಳಿ ನಿಂತಲ್ಲೇ ನೋಟ್ಸ್ ಓದತಿದ್ದೆ. ಗೆಳತಿ ಮೊದಮೊದಲು ನನ್ನ ರೊಟ್ಟಿಮ್ಯಾಲ ತಾಟು ಮುಚ್ಚಿ ಇಡತಿದ್ಳು. ಆಮ್ಯಾಲ ಒಂದಿನ, ‘ನಿನಗ ಈಗ ನಾ ಎಲ್ಲಿ ಕಾಣ್ತೀನಿ ಬಿಡು’ ಅಂದ್ಳು. ಚಾಷ್ಟಿ ಮಾಡ್ಲಾಕತ್ಯಾಳ ಅಂತ ನಕ್ಕು ಬಿಟ್ಟೆ.

ನನ್ನ ಒಂದು ಗುಟ್ಟು ಆಕಿ ಹತ್ರ ಇತ್ತು. ನಮ್ಮಪ್ಪ ಸಂತಪುರದಾಗ ದರ್ಜಿ. ಕ್ರಿಸ್ಮಸ್ ಬಂದ್ರ ನಮ್ಮ ಚರ್ಚಿನ ಓಣಿ ಬಟ್ಟಿ ಪೂರಾ ನಮ್ಮಪ್ಪನ ಮಶೀನಿನ ಕೆಳಗಿಂದೇ ಹೊರಗ ಬರತಿದ್ದವು. ಆ ವರ್ಷ ಕ್ರಿಸ್ಮಸ್ಸಿಗಿ ಹೊಲಿಸಲಾಕ ಓಣ್ಯಾಗ ಮಂದಿನೇ ಇದ್ದಿಲ್ಲ. ಪುಣೆ, ಮುಂಬೈ, ಹೈದ್ರಾಬಾದ, ಕೂಲಿ ಸಿಕ್ಕ ಕಡಿ ಹೋಗಿದ್ರು. ಮಂದಿ ಇಲ್ಲದಲ್ಲಿ ದರ್ಜಿ ಯಾರ ಅಳತಿ ತಗೋಬೇಕು? ಅಪ್ಪ ಮಶೀನ್‌ಮ್ಯಾಲ ಗೋಣಿಚೀಲ ಹೊದಿಸಿ, ಅವ್ವನ್ನ ಕರಕೊಂಡು ಹೈದ್ರಾಬಾದಿಗಿ ಹೋದ. ಅಲ್ಲಿ ಒಂದು ದೊಡ್ಡ ಬಿಲ್ಡಿಂಗಿಗಿ ವಾಚ್‌ಮನ್ ಆದ. ಅವ್ವ ಅದೇ ಬಿಲ್ಡಿಂಗಿನ ಮನಿಗಳಾಗ ಭಾಂಡಿ ತಿಕ್ಕತಿದ್ಳು. ಊರಾಗ ಮನಿಗಿ ಕೀಲಿ ಬಿತ್ತು, ಕೀಲಿಕೈ ನನ್ನ ಟ್ರಂಕಿನಾಗ. ಹಾಸ್ಟೆಲಿನಾಗ ಕೇಳಿದ್ರ, ‘ನಮ್ಮಪ್ಪ ಹೈದ್ರಾಬಾದಿನಾಗ ಹೊಲಿಗಿ ದುಕಾನ ಹಾಕ್ಯಾನ’ ಅಂತಿದ್ದೆ. ಹೇಳಿದೆ, ಏನೀಗ? ಲೀಡರ್ ಆದಾಕಿ ಅಪ್ಪ ಗೇಟ್ ತೆಗೀತಾನ ಅಂದ್ರ ಆ ಹುಡುಗ್ಯಾರು ನನ್ನ ಮಾತು ಕೇಳ್ತಿದ್ರಾ? ಖರೇ ಗೊತ್ತಿದ್ದಾಕಿ ಒಬ್ಬಾಕೇ, ನನ್ನ ಗೆಳತಿ.

ಸಂಕ್ರಾಂತಿ ಆದಮ್ಯಾಲ ಟ್ಯಾಂಕರ್ ಇನ್ನೂ ಕಮ್ಮಿ ಆತು. ವಾರ್ಡನ್ ಮೇಡಮ್ ಊಟದ ಹಾಲ್‌ನಾಗ ಎಲ್ಲಾರನ್ನೂ ಕೂಡಿಸಿದ್ರು. ‘ಔರಾದ, ಭಾಲ್ಕಿ ಕಡಿ ಹುಡುಗ್ಯಾರಿಗಿ ಊರು ಹತ್ರ ಅದ. ಪರೀಕ್ಷಾ ತನಕ ಒಂದು ಖೋಲಿಯಿಂದ ಒಬ್ಬರು ಮನಿಯಿಂದ ಅಪ್‌ಡೌನ್ ಮಾಡ್ರಿ. ಯಾರು ಹೋಗೋದು ನೀವೇ ಹೇಳ್ರಿ’ ಅಂದ್ರು. ನಾ ಮುಂದ ಮೇಡಮ್ ಬಾಜೂಕ ನಿಂತಿದ್ದೆ. ನಮ್ಮ ಖೋಲಿ ವಿಚಾರನೇ ಮಾಡಿದ್ದಿಲ್ಲ. ಆಕಿ ಮನಿ ತುಂಬಾ ಮಂದಿ, ಅಂಗಳದಾಗ ಬಾವಿ, ಭಾಲ್ಕಿಗಿ ಬೇಕಾದಷ್ಟು ಬಸ್. ನನ್ನ ಮನಿಗಿ ಕೀಲಿ. ಇದರಾಗ ಕೇಳೋದೇನದ?

ಆಕಿ ಎದ್ದು ನಿಂತ್ಳು. ಸೆರಗು ಸರಿ ಮಾಡಕೊಂಡು ಹೇಳಿದ್ಳು: ‘ನಮ್ಮ ಖೋಲಿಯಿಂದ ಲೀಡರ್ ಹೋಗ್ತಾರ್ರಿ ಮೇಡಮ್. ಅವರೇ ಮೊದಲ ಹೋದ್ರ ಉಳಿದವರಿಗೂ ಹೇಳಲಾಕ ಬಾಯಿ ಇರ್ತದರಿ. ಅವರ ಊರೂ ಹತ್ರ ಅದ, ಅಪ್ಪನ ದುಕಾನ ಜೋರ್ ಅದ, ತಕಲೀಫ ಏನಿಲ್ಲರಿ ಅವರಿಗಿ.’

ಹಾಲ್ ತುಂಬಾ ಚಪ್ಪಾಳಿ ಬಿತ್ತು. ವಾರ್ಡನ್ ಮೇಡಮ್ ನನ್ನ ಬೆನ್ನು ಚಪ್ಪರಿಸಿ, ‘ಲೀಡರ್ ಅಂದ್ರ ಹಿಂಗಿರಬೇಕು’ ಅಂದ್ರು. ನಾ ಬಾಯಿ ತೆಗದ್ರ ಏನು ಹೇಳ್ಬೇಕಿತ್ತು? ನನ್ನ ಮನಿಗಿ ಕೀಲಿ ಹಾಕ್ಯಾದ, ನಮ್ಮಪ್ಪಗ ದುಕಾನ ಇಲ್ಲ, ಅಂತ ಅಷ್ಟು ಮಂದಿ ಮುಂದ ಹೇಳ್ಬೇಕಿತ್ತು. ನಾ ಹೇಳೋದಿಲ್ಲ ಅಂತ ಆಕಿಗಿ ಗೊತ್ತಿತ್ತು. ಅದನ್ನೇ ನಂಬಿ ಎದ್ದು ನಿಂತಿದ್ಳು. ಕಸಾಯಿಗೂ ಇಷ್ಟು ಚೊಕ್ಕ ಕೈ ಇರೋದಿಲ್ಲ.

ಖೋಲಿಗಿ ಬಂದು ಬಾಗಿಲ ಹಾಕಿ ಕೇಳಿದೆ. ‘ಏನಿದು ನಿಂದು? ನಮ್ಮ ಮನ್ಯಾಗ ಯಾರದಾರ? ಒಬ್ಬಾಕೇ ಹ್ಯಾಂಗ ಇರ್ಲಿ?’

ಆಕಿ ನನ್ನ ಮಾರಿ ನೋಡಲಿಲ್ಲ, ಬಟ್ಟಿ ಮಡಚತಿದ್ಳು. ‘ನೀವು ಸಿಟ್ಟಾಗಬ್ಯಾಡ್ರಿ. ನಾ ಭಾಲ್ಕಿಗಿ ಹೋದ್ರ ಮನ್ಯಾಗ ಗಂಡಿನವರನ್ನ ಕರ್ಕೊಂಡು ಬಂದು ತೋರಿಸಲಾಕ ಕೂಡಿಸ್ತಾರ. ಪರೀಕ್ಷಾ ಆಗೋದಿಲ್ಲ ನಂದು. ನೀವು ಲೀಡರ್ ಅದೀರಿ, ಹ್ಯಾಂಗರ ನಡಸ್ತೀರಿ.’

ನೀವು. ಅದೀರಿ. ನಡಸ್ತೀರಿ. ನಿನ್ನೆ ತನಕ ನನ್ನ ಹುಚ್ಚಿ ಅಂತ ಕರದಾಕಿ. ಕಪಾಳಕ್ಕ ಹೊಡದಿದ್ರ ತಿರುಗಿ ನಾನೂ ಒಂದು ಹೊಡೀತಿದ್ದೆ, ಇಬ್ಬರೂ ಅತ್ತು ಮುಗಸ್ತಿದ್ದೆವು. ರಿ ಹಚ್ಚಿದಾಕಿಗಿ ಹೊಡೀಲಾಕ ಬರೋದಿಲ್ಲ. ಆಕಿಗೂ ಕಷ್ಟ ಇತ್ತು ಅಂತ ಈಗ ಯಾರಾದ್ರೂ ಹೇಳ್ತಾರ. ಇರ್ಲಿ ಬಿಡ್ರಿ. ಆಕಿ ಗಂಡುಗಳಿಂದ ತಪ್ಪಿಸಿಕೊಳ್ಳಲಾಕ ನನ್ನ ಬೀದಿಗಿ ಹಾಕಬೇಕಿತ್ತಾ?

ಟ್ರಂಕ್ ಹೊತ್ತು ಸಂತಪುರಕ್ಕ ಹೋದ್ರ, ಓಣ್ಯಾಗ ಬಾಗಿಲ ಬಾಗಿಲಿಗೂ ಕೀಲಿನೇ ಕೀಲಿ. ಸಂಜಿ ಆದ್ರ ಬಾಗಿಲಿಗಿ ಒಳಗಿನಿಂದ ಹೊಲಿಗಿ ಮಶೀನ್ ದೂಡಿ ಇಡತಿದ್ದೆ. ಓಣ್ಯಾಗ ನಾಯಿ ಬೊಗಳಿದ್ರೂ ಜೀವ ಹೋಗತಿತ್ತು, ಬೊಗಳದಿದ್ರೂ ಹೋಗತಿತ್ತು. ಬೆಳಿಗ್ಗೆ ಬಸ್ ಔರಾದದಿಂದಲೇ ತುಂಬಿ ಬರ್ತಿತ್ತು. ಗಂಟು, ತಗಡಿನ ಪೆಟ್ಟಿಗಿ, ಮಕ್ಕಳನ್ನ ಹೊತ್ತು ಗುಳೆ ಹೊಂಟ ಮಂದಿ. ಕೆಲವು ದಿನ ಡ್ರೈವರ್ ನಿಲ್ಲಸ್ತಿದ್ದಿಲ್ಲ. ನಿಂತ್ರ ಒಂದು ಕಾಲಮ್ಯಾಲ ಬೀದರ ತನಕ. ಕಾಲೇಜು ಮುಟ್ಟೋದ್ರಾಗ ಎಕನಾಮಿಕ್ಸ್ ಸರ್ ಮೊದಲನೇ ಕ್ಲಾಸ್ ಮುಗಿಸಿ ಹೊರಗ ಬರ್ತಿದ್ರು. ‘ಲೀಡರ್ ಸಾಹೇಬ್ರು ಈಗ ಬಂದ್ರು’ ಅಂತಿದ್ರು. ಈಗ ನಗು ಬರ್ತಿದ್ದಿಲ್ಲ ನನಗ.

ಹಾಸ್ಟೆಲಿನಾಗ ಇಲ್ಲದ ಲೀಡರ್ ಯಾತಕ್ಕ ಬೇಕು? ಮುಂದಿನ ವಾರ ಆ ಕೆಲಸ ಗೆಳತಿಗಿ ಹೋತು. ನೀರಿನ ಪೈಪೂ ಆಕಿ ಕೈಯಾಗ, ಕಿಟಕಿ ಬಾಜೂಕಿನ ನನ್ನ ಮಂಚನೂ ಆಕಿಗಿ. ಅದೂ ಇರ್ಲಿ ಅಂದೆ. ಒಂದೇ ಕೇಳಿದೆ, ನಾಚಿಕಿ ಬಿಟ್ಟು ಕೇಳಿದೆ: ‘ಮೊದಲನೇ ಕ್ಲಾಸಿಗಿ ನನ್ನ ಎಸ್ ಸರ್ ನೀ ಹೇಳು. ನಿನ್ನ ಶನಿವಾರ ಎಲ್ಲಾ ನಾ ಹೇಳೀನಿ.’

‘ನನಗ ಸರ್ ಅಂದ್ರ ಅಂಜಿಕಿ ರಿ,’ ಅಂದ್ಳು. ‘ನಾ ಈಗ ಲೀಡರ್ ಅದೀನಿ, ನಾನೇ ಹಂಗ ಮಾಡಿದ್ರ ಹ್ಯಾಂಗರಿ?’

ಅಟೆಂಡೆನ್ಸ್ ಕಮ್ಮಿ ಬಿತ್ತು. ಪ್ರಿನ್ಸಿಪಾಲರು ಕರದು ಕೂಡಿಸಿ, ಹಾಲ್ ಟಿಕೆಟ್ ಕೊಡಲಾಕ ಬರೋದಿಲ್ಲ ಅಂದ್ರು. ಅತ್ತೆ. ಅಳೋದು ನೋಡಿ, ‘ನಿಮ್ಮ ತಂದೀನ ಕರ್ಕೊಂಡು ಬಾ. ಅವರು ನನ್ನ ಮುಂದ ಸಹಿ ಮಾಡಿ ಹೋಗ್ಲಿ, ನೋಡೋಣ’ ಅಂದ್ರು. ಎಸ್‌ಟಿಡಿ ಬೂತಿನಿಂದ ಬಿಲ್ಡಿಂಗಿನ ಬಾಜೂಕಿನ ಕಿರಾಣಿ ಅಂಗಡಿಗಿ ಫೋನ್ ಹಚ್ಚಿದೆ. ಅಪ್ಪ ಓಡಿ ಬಂದು ಏದುಸಿರು ಬಿಡಕೋತ ಕೇಳಿದ: ‘ಯಾಕ ಮಗಾ, ಆರಾಮ ಇದ್ದೀ?’ ಆರಾಮ ಇದ್ದೀನಿ, ನೀ ಬಾ ಅಂದೆ. ರಜಾ ಕೊಡೋದಿಲ್ಲ, ಆದ್ರೂ ಬರ್ತೀನಿ ಅಂದ. ಬಸ್‌ಸ್ಟ್ಯಾಂಡಿಗಿ ನಾ ಬಂದು ಕರಕೊಂಡು ಹೋಗ್ತೀನಿ, ಅಲ್ಲೇ ನಿಲ್ಲು ಅಂದೆ. ಅಂಗಿ ಬದಲಿಸಕೊಂಡು ಬಾ ಅಂತ ಹೇಳಲಿಲ್ಲ. ದರ್ಜಿಗಿ ಅದನ್ನೂ ಹೇಳ್ಬೇಕಾ?

ಅಪ್ಪ ಮೊದಲನೇ ಬಸ್ಸಿಗೇ ಬಂದು ಬಿಟ್ಟಿದ್ದ. ನನಗ ಓಡಾಟ ಯಾಕಂತ ತಾನೇ ದಾರಿ ಕೇಳಕೋತ ಕಾಲೇಜ್ ಗೇಟಿಗಿ ನಡದು ಬಂದಿದ್ದ. ನಾ ಆ ಹೊತ್ತಿಗಿ ಕ್ಲಾಸಿನಾಗ ಬೋರ್ಡಿನ ಮುಂದ, ಕೈಯಾಗ ಚಾಕ್‌ಪೀಸ್. ಸಿ.ಆರ್. ಕೆಲಸ ಇನ್ನೂ ನಂದೇ ಇತ್ತು, ಬೀಳ್ಕೊಡೋ ಸಮಾರಂಭಕ್ಕ ಯಾರು ಏನು ಮಾಡ್ಬೇಕಂತ ಹೇಳ್ತಿದ್ದೆ. ಬಾಗಿಲದಾಗ ಗೆಳತಿ ದನಿ ಕೇಳ್ತು. ಸಂಗೀತದಂಥ ದನಿ.

‘ಬರ್ರಿ ಕಾಕಾ, ಒಳಗ ಬರ್ರಿ, ಸಂಕೋಚ ಮಾಡಕೋಬ್ಯಾಡ್ರಿ. ಯಾರು ಬೇಕಾಗಿದ್ರು ನಿಮಗ? ಎಲ್ಲಾರಿಗೂ ಕೇಳೋಹಂಗ ಹೇಳ್ರಿ.’

ನಮ್ಮಪ್ಪನ ಮೈಮ್ಯಾಲ ವಾಚ್‌ಮನ್ ಖಾಕಿ ಅಂಗಿ. ಡ್ಯೂಟಿ ಮುಗಿಸಿ ಹಂಗೇ ಬಸ್ ಹತ್ತಿದ್ದ, ಹಂಗೇ ತಿರುಗಿ ಡ್ಯೂಟಿಗಿ ಹೋಗಬೇಕಿತ್ತು. ಕೊರಳಾಗ ಸೀಟಿ ಜೋತಾಡತಿತ್ತು. ಊರ ಮಂದಿ ಅಳತಿ ಬೆರಳಿನಾಗೇ ಹೇಳೋನ ಮೈಮ್ಯಾಲ ಯಾರೋ ದಪ್ಪ ಮನಷಾನ ಅಂಗಿ, ಅಂಗಿ ಭುಜ ಅಪ್ಪನ ಮೊಣಕೈಗಿ ಬಂದಿದ್ದವು. ಗೆಳತಿ ನಮ್ಮಪ್ಪನ್ನ ಎರಡು ಸರ್ತಿ ಭೇಟಿ ಆಗಿದ್ಳು. ಆತ ಹೊಲಿದ ಬ್ಲೌಸ್ ಹಾಕಿದ್ಳು. ‘ಯಾರು ಬೇಕಾಗಿದ್ರು’ ಅಂತ ಕೇಳ್ತಾಳ!

ಅಪ್ಪ ನನ್ನ ನೋಡಿದ. ಬೋರ್ಡ್ ನೋಡಿದ, ಬೆಂಚ್ ತುಂಬಾ ಕೂತ ಹುಡುಗ ಹುಡುಗ್ಯಾರನ್ನ ನೋಡಿದ, ತನ್ನ ಅಂಗಿ ನೋಡಕೊಂಡ. ದುಕಾನದ ಸುಳ್ಳು ಆತಗ ಗೊತ್ತಿದ್ದಿಲ್ಲ. ಆದ್ರೂ ನನ್ನ ಮಾರಿ ಓದಿದ. ಕೈ ಜೋಡಿಸಿದ.

‘ಪ್ರಿನ್ಸಿಪಾಲರ ಆಫೀಸ್ ಎಲ್ಲಿ ಅದರಿ, ಮೇಡಮ್?’

ನನಗ ಕೇಳಿದ. ನನಗ, ಮೇಡಮ್ ಅಂತ, ರಿ ಹಚ್ಚಿ. ‘ಅಪ್ಪಾ!’ ಅಂತ ಚೀರಿದೆ. ಚಾಕ್‌ಪೀಸ್ ಒಗದು ಹೋಗಿ ಆ ಖಾಕಿ ತೋಳು ಹಿಡದೆ. ‘ಇದೇನು ನನಗ ರಿ ಹಚ್ಚತಿ? ನಾ ನಿನ್ನ ಮಗಳು!’ ಹಿಂದಿನ ಬೆಂಚಿನಾಗ ಯಾರೋ ಸೀಟಿ ಹೊಡದಂಗ ಮಾಡಿದ್ರು, ಕ್ಲಾಸ್ ಪೂರಾ ನಕ್ಕಿತು. ಗೆಳತಿ ನಗಲಿಲ್ಲ. ‘ಅಯ್ಯ, ನಿಮ್ಮ ತಂದಿಯವರಾ? ದುಕಾನ ಅದ ಅಂದಿದ್ರಲ್ಲರಿ’ ಅಂದ್ಳು.

ಸಹಿ ಆತು, ಹಾಲ್ ಟಿಕೆಟ್ ಸಿಕ್ತು. ಬಸ್‌ಸ್ಟ್ಯಾಂಡಿನಾಗ ಚಾ ಕುಡಕೋತ ಅಪ್ಪ ಹೇಳಿದ: ‘ಆ ಹುಡುಗಿ ಭಾಳ ಛಲೋ ಅದಾಳ. ಗೇಟಿನಿಂದ ಕೈ ಹಿಡದು ಕರಕೊಂಡು ಬಂದ್ಳು. ಒಂದು ಮಾತಿಗೂ ರಿ ಬಿಡಲಿಲ್ಲ.’ ಹೂಂ ಅಂದೆ.

ನಾ ಪಾಸಾದೆ, ಸಾಲಿ ಟೀಚರ್ ಆದೆ. ಮಳಿ ಬಂತು, ಅಪ್ಪ ಅವ್ವ ತಿರುಗಿ ಬಂದ್ರು, ಮಶೀನ್‌ಮ್ಯಾಲಿನ ಗೋಣಿಚೀಲ ತೆಗದ್ರು. ಆದ್ರ ಅಪ್ಪನ ಬಾಯಿಗಿ ಆ ರಿ ಅಂಟಿಬಿಟ್ಟಿತ್ತು. ‘ಮೇಡಮ್, ಊಟಾ ಆತೇನ್ರಿ?’ ‘ಮೇಡಮ್, ಬಸ್ ಬಂತು ನೋಡ್ರಿ.’ ಅವ್ವ ಚಾಷ್ಟಿ ಅಂತ ನಗ್ತಿದ್ಳು. ಮೊದಲು ನಾನೂ ಹಂಗೇ ತಿಳಕೊಂಡೆ. ಒಂದಿನ ಸಿಟ್ಟಿಗೆದ್ದು, ‘ಸಾಕು ಬಿಡು ಅಪ್ಪಾ, ಮಗಾ ಅನ್ನು ನನಗ’ ಅಂದೆ. ಅಪ್ಪ ಸೂಜಿಗಿ ದಾರ ಪೋಣಸ್ತಿದ್ದ. ‘ಕಲತಾಕಿ ಅದೀರಿ, ಹ್ಯಾಂಗ ಅನ್ಲಿ?’ ಅಂದ, ತಲಿ ಎತ್ತಲಿಲ್ಲ. ಸಾಯೋ ತನಕ ಹಂಗೇ ಕರದ.

ಹೋದ ವರ್ಷ ಭಾಲ್ಕಿ ಬಸ್‌ಸ್ಟ್ಯಾಂಡಿನಾಗ ನಿಂತಿದ್ದೆ. ಹಿಂದಿನಿಂದ ಯಾರೋ ಕಣ್ಣು ಮುಚ್ಚಿದ್ರು. ತಿರುಗಿ ನೋಡಿದ್ರ ಆಕಿ. ದಪ್ಪ ಆಗ್ಯಾಳ, ಕೂದಲು ಬೆಳ್ಳಗ ಆಗ್ಯಾವು. ‘ಏ ಹುಚ್ಚಿ! ಗುರ್ತು ಹತ್ಲಿಲ್ಲಾ? ಎಷ್ಟು ವರ್ಷ ಆತಲೇ ನಿನ್ನ ನೋಡಿ!’ ಅಂತ ಎರಡೂ ಕೈ ಹಿಡಕೊಂಡ್ಳು. ಕಣ್ಣಾಗ ಖರೇನೇ ನೀರು ಬಂದಿದ್ದವು, ಸುಳ್ಳು ಯಾಕ ಹೇಳ್ಲಿ.

‘ಗುರ್ತು ಹತ್ತಿತ್ರಿ,’ ಅಂದೆ. ‘ಆರಾಮ ಅದೀರೇನ್ರಿ?’

ಆಕಿ ಕೈ ಸಡಲಾದವು. ‘ನನಗ ರಿ ಯಾಕ ಹಚ್ಚತಿ? ನಾ ನಿನ್ನ ಗೆಳತಿ. ಬೈ ಬೇಕಾದ್ರ. ನನಗ “ನೀ” ಅನ್ನು ಒಂದ್ಸಲ.’

ನನ್ನ ಬಸ್ ಬಂತು. ಅಪ್ಪನ ಬಾಯಿಂದ ನಾ ಬೇಡಿದ್ದೂ ಇದನ್ನೇ, ನನಗ ಸಿಗಲಿಲ್ಲ. ಈಕಿಗಿ ಎಲ್ಲಿಂದ ತಂದು ಕೊಡ್ಲಿ?

‘ಬರ್ತೀನ್ರಿ,’ ಅಂದು ಬಸ್ ಹತ್ತಿದೆ.